ಕೂಸು ದಪ್ಪವಾದೀತೆಂದು ಬಸುರಿಯ ಊಟ ಕಡಿಮೆ ಮಾಡಬೇಡಿರಿ



ಬೀಜ, ಗೊಬ್ಬರ, ಔಷಧಿ ಸಿಂಪಡಣೆಯ ಬಗ್ಗೆ ಬರೆಯುವ ಗ್ರಾಮಸೇವಕನು ಈ ಸಲ ಹೆರಿಗೆಯ ವಿಷಯವನ್ನು ಏಕೆ ಎತ್ತಿಕೊಂಡನೆಂದು ತಾವು ಆಶ್ಚರ್ಯಪಡಬಹುದು. ಕಾರಣವಿಷ್ಟೆ. ಹೊಲದ ಕೆಲಸ ಮುಗಿಸಿ ತಮ್ಮ ಜಗುಲಿಯ ಮೇಲೆ ಕುಳಿತಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಬಸುರಿ ಹೆಚ್ಚು ತಿನ್ನಬಾರದು. ಕೂಸು ದಪ್ಪವಾದರೆ ಹೆರಿಗೆ ಕಷ್ಟವಾದೀತು." ಈ ಮಾತಿನ ಫಲವಾಗಿ ಏಳನೆಯ ತಿಂಗಳು ಬಂದೊಡನೆ ಕೆಲವು ಮನೆಗಳಲ್ಲಿ ಸೊಸೆಯ ಮುದ್ದೆ ಅರ್ಧವಾಗುತ್ತದೆ. ರಕ್ತಕ್ಕೆಂದು ಕೊಟ್ಟ ಮಾತ್ರೆಗಳು ಡಬ್ಬಿಯಲ್ಲೇ ಉಳಿಯುತ್ತವೆ. ಮಾತ್ರೆಯಿಂದಲೂ ಕೂಸು ದಪ್ಪವಾಗುತ್ತದೆಂದು ನಂಬುವವರಿದ್ದಾರೆ.

ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ವೈದ್ಯರು ಮಾಡಬೇಕಾದ ಕೆಲಸವನ್ನು ನಾನು ಮಾಡಲಾರೆ. ಆದರೆ ಯಾವ ಭಯಕ್ಕೆ ಆಧಾರವಿದೆ, ಯಾವುದಕ್ಕೆ ಇಲ್ಲ ಎಂಬುದನ್ನು ತಿಳಿದಮಟ್ಟಿಗೆ ವಿವರಿಸಬಲ್ಲೆ. ಇದು ಹೆಂಗಸರ ವಿಷಯವೆಂದು ಗಂಡಸರು ಪುಟ ತಿರುವಬಾರದು. ಮನೆಯಲ್ಲಿ ಮೊಟ್ಟೆ ಬರುವುದೂ, ಆಸ್ಪತ್ರೆಗೆ ಗಾಡಿ ಹೊರಡುವುದೂ ಅನೇಕ ಸಲ ತಮ್ಮ ಮಾತಿನ ಮೇಲೆಯೇ ನಿಂತಿರುತ್ತದೆ.

ಈ ಭಯ ಹುಟ್ಟಿದ್ದು ಹೇಗೆ?

ಹಿರಿಯರನ್ನು ಹಳಿಯುವುದು ತಪ್ಪು. ಶಸ್ತ್ರಚಿಕಿತ್ಸೆ, ರಕ್ತನಿಧಿ, ಮೋಟಾರು ಗಾಡಿ ಒಂದೂ ಇಲ್ಲದ ಕಾಲದಲ್ಲಿ ಕೂಸು ಅಡ್ಡಲಾಗಿ ನಿಂತರೆ ಅಥವಾ ಸಿಕ್ಕಿಕೊಂಡರೆ ತಾಯಿ, ಮಗು ಎರಡೂ ಜೀವ ಹೋಗುತ್ತಿದ್ದವು. ಅಂಥದನ್ನು ಕಣ್ಣಾರೆ ಕಂಡವರು "ಕೂಸು ಸಣ್ಣದಾಗಿರಲಿ" ಎಂದು ಬಯಸಿದ್ದು ಸಹಜ. ನಮ್ಮ ಅಜ್ಜಿಯರಷ್ಟೇ ಅಲ್ಲ, ದೊಡ್ಡ ವೈದ್ಯರೂ ಹೀಗೆಯೇ ಯೋಚಿಸಿದ್ದುಂಟು. 1889ರಲ್ಲಿ ಜರ್ಮನಿಯ ಪ್ರೊಖೋವ್ನಿಕ್ ಎಂಬ ವೈದ್ಯರು, ಸೊಂಟದ ಎಲುಬು ಇಕ್ಕಟ್ಟಾದ ಗರ್ಭಿಣಿಯರು ಕೊನೆಯ ವಾರಗಳಲ್ಲಿ ಊಟವನ್ನೂ ನೀರನ್ನೂ ಮಿತಿಗೊಳಿಸುವ ಪಥ್ಯವೊಂದನ್ನು ಸೂಚಿಸಿದರು. ಎಲುಬು ಸೊಟ್ಟಗಾಗುವ ರಿಕೆಟ್ಸ್ ಎಂಬ ರೋಗ ಆಗ ಅಲ್ಲಿ ಹೆಚ್ಚಾಗಿತ್ತು. ಶಸ್ತ್ರಚಿಕಿತ್ಸೆ ಬಹಳ ಅಪಾಯದ್ದಾಗಿತ್ತು. ಬೇರೆ ದಾರಿ ಇಲ್ಲದ ಕಾಲದ ಉಪಾಯವದು. ಇಂದು ಬೇರೆ ದಾರಿ ಇದೆ.

ದಪ್ಪ ಕೂಸೆಂದರೆ ಎಷ್ಟು ತೂಕ?

ನಮ್ಮ ದೇಶದಲ್ಲಿ ದಿನ ತುಂಬಿ ಹುಟ್ಟುವ ಕೂಸಿನ ಸರಾಸರಿ ತೂಕ ಮೂರು ಕಿಲೋಗೆ ಸ್ವಲ್ಪ ಕಡಿಮೆ. 2.5 ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಕೂಸು. 4 ಕಿಲೋ ದಾಟಿದರೆ ಅದನ್ನು ವೈದ್ಯರು ದಪ್ಪ ಕೂಸೆಂದು ಎಣಿಸುತ್ತಾರೆ. ನಮ್ಮಲ್ಲಿ 4 ಕಿಲೋ ದಾಟುವ ಕೂಸುಗಳು ಕೆಲವೇ, 2.5 ಕಿಲೋ ಮುಟ್ಟದ ಕೂಸುಗಳು ಅವಕ್ಕಿಂತ ಎಷ್ಟೋ ಹೆಚ್ಚು. ಅಂದರೆ ಊರಿನಲ್ಲಿ ನಾವು ಹೆದರುತ್ತಿರುವುದು ಒಂದಕ್ಕೆ, ನಮ್ಮ ಮನೆಗಳನ್ನು ನಿಜವಾಗಿ ಕಾಡುತ್ತಿರುವುದು ಇನ್ನೊಂದು. ಮೂರು ಕಿಲೋ, ಮೂರೂವರೆ ಕಿಲೋ ತೂಗುವ ಕೂಸು ದಪ್ಪ ಕೂಸಲ್ಲ. ಅದು ಚೆನ್ನಾಗಿ ಬೆಳೆದ ಕೂಸು.

ಊಟ ಇಳಿಸಿದರೆ ಹೆರಿಗೆ ಸುಲಭವಾಗುವುದೇ?

ಮೊದಲು ಒಂದು ತಪ್ಪು ಕಲ್ಪನೆಯನ್ನು ತಿದ್ದಿಕೊಳ್ಳೋಣ. ಅನ್ನ ಸೇರುವ ಚೀಲವೂ ಕೂಸು ಬೆಳೆಯುವ ಚೀಲವೂ ಒಂದೇ ಎಂದು ಕೆಲವರು ತಿಳಿದಿದ್ದಾರೆ. ಆದುದರಿಂದ ಹೆಚ್ಚು ಉಂಡರೆ ಕೂಸಿಗೆ ಜಾಗ ಸಾಲದೆಂದು ಅಂಜುತ್ತಾರೆ. ವಾಸ್ತವವಾಗಿ ಜಠರ ಬೇರೆ, ಗರ್ಭಕೋಶ ಬೇರೆ. ಕೊನೆಯ ತಿಂಗಳುಗಳಲ್ಲಿ ಗರ್ಭಕೋಶವು ಮೇಲೇರಿ ಜಠರವನ್ನು ಒತ್ತುವುದರಿಂದ ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತೆ, ಎದೆ ಉರಿದಂತೆ ಆಗುತ್ತದೆ. ಇದಕ್ಕೆ ಉಪಾಯ ಊಟ ಬಿಡುವುದಲ್ಲ. ಎರಡು ಹೊತ್ತಿನ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಐದು ಹೊತ್ತಿಗೆ ಹಂಚಿಕೊಳ್ಳುವುದು.

ಇನ್ನು, ತಾಯಿ ಹಸಿದಿದ್ದರೆ ಕೂಸು ಎಷ್ಟು ಚಿಕ್ಕದಾಗುತ್ತದೆ? ಇದಕ್ಕೆ ಉತ್ತರ ದುಃಖದ ಸಂದರ್ಭವೊಂದರಲ್ಲಿ ದೊರೆಯಿತು. ಎರಡನೆಯ ಮಹಾಯುದ್ಧದ ಕೊನೆಗೆ, 1944–45ರ ಚಳಿಗಾಲದಲ್ಲಿ, ಜರ್ಮನ್ ಸೈನ್ಯವು ಆಹಾರ ಸಾಗಣೆಯನ್ನು ತಡೆದುದರಿಂದ ಹಾಲೆಂಡ್ ದೇಶದ ಪಶ್ಚಿಮದ ಪಟ್ಟಣಗಳಲ್ಲಿ ಘೋರ ಕ್ಷಾಮ ಉಂಟಾಯಿತು. ಒಬ್ಬರಿಗೆ ದಿನಕ್ಕೆ 1000 ಕ್ಯಾಲೊರಿಯಷ್ಟೂ ಪಡಿತರ ಸಿಗದ ತಿಂಗಳುಗಳವು. ಅಲ್ಲಿನ ಆಸ್ಪತ್ರೆಗಳು ಕೂಸುಗಳ ತೂಕವನ್ನು ಬರೆದಿಟ್ಟಿದ್ದವು. ಬಸಿರಿನ ಕೊನೆಯ ತಿಂಗಳುಗಳನ್ನು ಹಸಿವಿನಲ್ಲಿ ಕಳೆದ ತಾಯಂದಿರ ಕೂಸುಗಳ ತೂಕ ಸರಾಸರಿ ಸುಮಾರು 300 ಗ್ರಾಂ ಇಳಿದಿತ್ತು. ಅಷ್ಟು ಘೋರ ಕ್ಷಾಮಕ್ಕೂ ಇಳಿದದ್ದು ಅಷ್ಟು. ಹೀಗಿರುವಲ್ಲಿ ಮುದ್ದೆಯನ್ನು ಅರ್ಧ ಮಾಡಿ ಹೆರಿಗೆಯನ್ನು ಸುಲಭಗೊಳಿಸುವೆವೆಂಬುದು ಬರಿಯ ಭ್ರಮೆ. ಹಸಿದ ತಾಯಿಯಿಂದ ಕೂಸು ತನಗೆ ಬೇಕಾದುದನ್ನು ಸಾಧ್ಯವಾದಷ್ಟು ಸೆಳೆದುಕೊಳ್ಳುತ್ತದೆ, ಸೊರಗುವವಳು ತಾಯಿ. ಹೆರಿಗೆಯೆಂಬುದು ಗಂಟೆಗಟ್ಟಲೆಯ ಕಠಿಣ ದುಡಿಮೆ. ದುಡಿಮೆಗೆ ಮುಂಚೆ ಎತ್ತಿನ ಮೇವು ಕಸಿಯುವ ರೈತನುಂಟೆ?

ದನಕರುಗಳ ಅನುಭವವೂ ಇದನ್ನೇ ಹೇಳುತ್ತದೆ. ಚೊಚ್ಚಲ ಗಬ್ಬದ ಕಡಸಿಗೆ ಕೊನೆಯ ಮೂರು ತಿಂಗಳು ಮೇವು, ಹಿಂಡಿ ಕಡಿಮೆ ಮಾಡಿದರೆ ಕರು ಚಿಕ್ಕದಾಗಿ ಸಲೀಸಾಗಿ ಹಾಕುತ್ತದೆಂದು ಹಿಂದೆ ಅನೇಕ ದೇಶಗಳ ರೈತರು ನಂಬಿದ್ದರು. ಪ್ರಯೋಗ ಮಾಡಿ ನೋಡಿದಾಗ ಕರುವಿನ ತೂಕ ಸ್ವಲ್ಪ ಇಳಿಯಿತೇ ಹೊರತು ಕರು ಹಾಕುವ ತೊಂದರೆ ಇಳಿಯಲಿಲ್ಲ. ಮೇವು ಕಳೆದುಕೊಂಡ ಹಸುವಿಗೆ ಹಾಲು ಕಡಿಮೆ, ಕರುವಿಗೆ ಶಕ್ತಿ ಕಡಿಮೆ, ಮತ್ತೆ ಬೆದೆಗೆ ಬರುವುದೂ ತಡ. ಆದುದರಿಂದಲೇ ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ಹಿಂಡಿ ಹೆಚ್ಚಿಸಿರೆಂದು ಪಶುವೈದ್ಯರು ಹೇಳುತ್ತಾರೆ. ಕೊಟ್ಟಿಗೆಯಲ್ಲಿ ಒಪ್ಪಿಕೊಂಡ ಮಾತನ್ನು ಅಡಿಗೆಮನೆಯಲ್ಲಿ ಏಕೆ ಒಪ್ಪಬಾರದು?

"ಗಂಡ ಆಜಾನುಬಾಹು, ಹೆಂಡತಿ ಪುಟ್ಟ ಹುಡುಗಿ, ಕೂಸು ಅವನಂತೆ ದೊಡ್ಡದಾದರೆ ಏನು ಗತಿ?" ಎಂಬುದು ಇನ್ನೊಂದು ಚಿಂತೆ. 1938ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಕುದುರೆಗಳ ಮೇಲೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ಶೈರ್ ಎಂಬ ಭಾರಿ ಬಂಡಿಕುದುರೆಯನ್ನೂ ಶೆಟ್ಲೆಂಡ್ ಎಂಬ ಕುಳ್ಳ ಕುದುರೆಯನ್ನೂ ಕೃತಕ ಗರ್ಭಧಾರಣೆಯಿಂದ ಎರಡೂ ಕಡೆಯಿಂದ ಕೂಡಿಸಿದರು. ಎರಡು ಬಗೆಯ ಮರಿಗಳಲ್ಲೂ ಅರ್ಧ ಶೈರ್, ಅರ್ಧ ಶೆಟ್ಲೆಂಡ್. ಆದರೂ ಶೈರ್ ತಾಯಿಯ ಮರಿ ಹುಟ್ಟುವಾಗ ಶೆಟ್ಲೆಂಡ್ ತಾಯಿಯ ಮರಿಯ ಸುಮಾರು ಮೂರರಷ್ಟು ತೂಗಿತು. ಕುಳ್ಳ ತಾಯಿ ತನ್ನ ಅಳತೆಗೆ ತಕ್ಕ ಮರಿಯನ್ನೇ ಹೆತ್ತಿತು. ದನಗಳಲ್ಲಿ ಹೋರಿಯ ತಳಿಯ ಪ್ರಭಾವ ಇದಕ್ಕಿಂತ ಹೆಚ್ಚು; ಸಣ್ಣ ಕಡಸಿಗೆ ದೊಡ್ಡ ತಳಿಯ ವೀರ್ಯ ಕೊಡಿಸಬಾರದೆಂಬುದು ಅದರಿಂದಲೇ. ಮನುಷ್ಯರಲ್ಲಿ ತಂದೆಯ ಪಾಲು ಇಲ್ಲವೆಂದಲ್ಲ; ಆದರೆ ಹುಟ್ಟುವ ತೂಕದ ಮಟ್ಟಿಗೆ ತಾಯಿಯ ಪಾಲೇ ದೊಡ್ಡದು. ಗಂಡನ ಎತ್ತರವನ್ನು ನೋಡಿ ಹೆದರುವ ಅಗತ್ಯವಿಲ್ಲ.

ನಷ್ಟ ಯಾರಿಗೆ?

ಊಟವನ್ನೂ ಮಾತ್ರೆಯನ್ನೂ ಬಿಟ್ಟ ತಾಯಿಗೆ ರಕ್ತಹೀನತೆ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ನೂರು ಗರ್ಭಿಣಿಯರಲ್ಲಿ 52 ಮಂದಿಗೆ ರಕ್ತಹೀನತೆ ಇದ್ದಿತು. ಹೆರಿಗೆಯ ಸಮಯದಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ಗಟ್ಟಿಮುಟ್ಟಾದವಳು ಅದನ್ನು ತಡೆದುಕೊಳ್ಳುತ್ತಾಳೆ. ರಕ್ತವಿಲ್ಲದವಳಿಗೆ ಅಷ್ಟೇ ಸ್ರಾವ ಪ್ರಾಣಕ್ಕೆ ಬರಬಹುದು.

ಕೂಸಿನ ನಷ್ಟ ಬಹುಕಾಲದ್ದು. ಇದನ್ನು ಲೋಕಕ್ಕೆ ತೋರಿಸಿದವುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಪರೀಕ್ಷಿಸಿ 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇದ್ದಿತು. 3.1 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ?

ಕೂಸು ನಿಜವಾಗಿ ದಪ್ಪವಾಗುವುದು ಯಾವಾಗ?

ಭಯಕ್ಕೆ ಆಧಾರವಿರುವ ಭಾಗ ಇದು. ಮುಖ್ಯ ಕಾರಣ ಬಸಿರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ. ತಾಯಿಯ ರಕ್ತದಲ್ಲಿ ಸಕ್ಕರೆ ಏರಿದರೆ ಅದು ಮಾಸಿನ ಮೂಲಕ ಕೂಸಿಗೆ ಹರಿಯುತ್ತದೆ. ಸಕ್ಕರೆಯನ್ನು ಹತೋಟಿಯಲ್ಲಿಡುವ ತಾಯಿಯ ಇನ್ಸುಲಿನ್ ಮಾತ್ರ ಆ ಕಡೆಗೆ ದಾಟುವುದಿಲ್ಲ. ಆಗ ಕೂಸಿನ ಮೈಯೇ ಹೆಚ್ಚು ಇನ್ಸುಲಿನ್ ತಯಾರಿಸಿ ಆ ಸಕ್ಕರೆಯನ್ನು ಕೊಬ್ಬಾಗಿ ಮಾಡಿ ಭುಜ, ಎದೆ, ಹೊಟ್ಟೆಗಳಲ್ಲಿ ತುಂಬಿಕೊಳ್ಳುತ್ತದೆ. ಹೊಲಕ್ಕೆ ಯೂರಿಯಾ ಅತಿಯಾಗಿ ಸುರಿದರೆ ಪೈರು ಸೊಕ್ಕಿ ಬೆಳೆದು ಮಲಗಿಬಿಡುವುದಲ್ಲವೆ? ಇದೂ ಹಾಗೆಯೇ, ಗಾತ್ರವಿದೆ, ಕಸುವಿಲ್ಲ. ಇಂಥ ಕೂಸಿನ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಹುಟ್ಟಿದ ಮೇಲೆ ತಾಯಿಯ ಸಕ್ಕರೆ ನಿಂತುಹೋಗುವುದರಿಂದ ಕೂಸಿನ ರಕ್ತದಲ್ಲಿ ಸಕ್ಕರೆ ತಟ್ಟನೆ ಇಳಿಯಬಹುದು. ಆದುದರಿಂದ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿ, ದಾದಿಯರ ಕಣ್ಣಿನಲ್ಲಿ ಇಡುತ್ತಾರೆ.

ಈ ಕಾಯಿಲೆ ಹೊರಗೆ ಕಾಣುವುದಿಲ್ಲ, ಪರೀಕ್ಷೆಯೊಂದೇ ದಾರಿ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಯಾದ ಮೇಲೆ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕೂ ಹೆಚ್ಚು ಬಂದರೆ ಕಾಯಿಲೆ ಇದೆಯೆಂದು ಅರ್ಥ. ಬಸಿರಿನ ಮೊದಲ ಭೇಟಿಯಲ್ಲೇ ಒಮ್ಮೆ, ಆಗ ಸರಿಯಾಗಿದ್ದರೆ 24ರಿಂದ 28ನೆಯ ವಾರದೊಳಗೆ, ಎಂದರೆ ಸುಮಾರು ಆರು ತಿಂಗಳಾದಾಗ, ಮತ್ತೊಮ್ಮೆ ಮಾಡಿಸತಕ್ಕದ್ದು. ಕಾಯಿಲೆ ಕಂಡರೂ ಗಾಬರಿ ಬೇಡ. ಬಹುಮಂದಿಗೆ ಊಟದ ಕ್ರಮ ಮತ್ತು ನಡಿಗೆಯಿಂದಲೇ ಹತೋಟಿಗೆ ಬರುತ್ತದೆ. ಉಳಿದವರಿಗೆ ವೈದ್ಯರು ಔಷಧಿ ಕೊಡುತ್ತಾರೆ. ಇಲ್ಲಿಯೂ ಉಪವಾಸ ಔಷಧಿಯಲ್ಲವೆಂಬುದನ್ನು ನೆನಪಿಡಿರಿ.

ಇದಲ್ಲದೆ, ಮೊದಲೇ ಬಹಳ ಸ್ಥೂಲಕಾಯದವರು, ಹಿಂದೆ 4 ಕಿಲೋ ದಾಟಿದ ಕೂಸನ್ನು ಹೆತ್ತವರು, ದಿನ ತುಂಬಿ ವಾರ ಕಳೆದರೂ ನೋವು ಬಾರದವರು ತಪ್ಪದೆ ವೈದ್ಯರಿಗೆ ತೋರಿಸಬೇಕು.

ದಾರಿ ಅಗಲವಾಗುವುದು ಬಾಲ್ಯದಲ್ಲಿ

ಹೆರಿಗೆಯ ಕಷ್ಟಸುಖ ಕೂಸಿನ ತೂಕವೊಂದನ್ನೇ ಅವಲಂಬಿಸಿಲ್ಲ. ಕೂಸು ತಲೆ ಕೆಳಗಾಗಿ ಸರಿಯಾಗಿ ಕುಳಿತಿದೆಯೆ, ತಾಯಿಯ ಸೊಂಟದ ಎಲುಬಿನ ಕಟ್ಟು ಸಾಕಷ್ಟು ಅಗಲವಿದೆಯೆ ಎಂಬುದು ಅಷ್ಟೇ ಮುಖ್ಯ. ಆ ಎಲುಬು ಬೆಳೆಯುವುದು ಬಾಲ್ಯದಲ್ಲಿ, ಹರೆಯದಲ್ಲಿ. ಬೆಳೆಯುವ ವಯಸ್ಸಿನಲ್ಲಿ ಹುಡುಗಿಗೆ ಹಾಲು, ಮೊಟ್ಟೆ, ರಾಗಿ, ಕಾಳು ಕೊಡದೆ, ಎಲುಬು ಬಲಿಯುವ ಮೊದಲೇ ಮದುವೆ ಮಾಡಿ, ಆಮೇಲೆ ಬಸಿರಿನಲ್ಲಿ ಊಟ ಕಡಿಮೆ ಮಾಡುವುದೆಂದರೆ ಕಾಲುವೆ ತೋಡದೆ ನೀರನ್ನು ಬೈದಂತೆ. ಹೆರಿಗೆ ಸುಲಭವಾಗಬೇಕೆಂಬ ಆಸೆ ಇದ್ದರೆ ಇಂದು ಮನೆಯಲ್ಲಿ ಆಡುತ್ತಿರುವ ಹುಡುಗಿಯ ತಟ್ಟೆಯನ್ನು ನೋಡಿರಿ. 18 ತುಂಬುವ ಮೊದಲು ಮದುವೆ ಮಾಡಬೇಡಿರಿ. 140 ಸೆಂಟಿಮೀಟರಿಗಿಂತ ಕುಳ್ಳಗಿರುವ ಗರ್ಭಿಣಿಯನ್ನು ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಯಲ್ಲಿಯೇ ಹೆರಿಗೆಗೆ ಸೇರಿಸಬೇಕು.

ಏನು, ಎಷ್ಟು ಉಣ್ಣಬೇಕು?

ಇಬ್ಬರ ಊಟ ಒಬ್ಬಳೇ ಉಣ್ಣಬೇಕೆಂಬುದೂ ತಪ್ಪು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ತಿಳಿಸಿದಂತೆ ಗರ್ಭಿಣಿಗೆ ದಿನಕ್ಕೆ ಹೆಚ್ಚಾಗಿ ಬೇಕಾದದ್ದು 350 ಕ್ಯಾಲೊರಿ. ಅಂದರೆ ಎಂದಿನ ಊಟದ ಮೇಲೆ ಒಂದು ಸಾಧಾರಣ ಮುದ್ದೆ ಮತ್ತು ಅದಕ್ಕೆ ತಕ್ಕ ಸಾರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇಲ್ಲ. ಮುದ್ದೆಯ ಜೊತೆಗೆ ಹುರುಳಿ, ಅವರೆ, ತೊಗರಿ ಇವುಗಳಲ್ಲೊಂದು ಕಾಳು, ನುಗ್ಗೆ ಅಥವಾ ದಂಟಿನ ಸೊಪ್ಪು, ಒಂದು ಮೊಟ್ಟೆ, ಒಂದು ಲೋಟ ಹಾಲು ಅಥವಾ ಮಜ್ಜಿಗೆ, ಸೀಬೆಯೋ ನೆಲ್ಲಿಯೋ ಒಂದು ಹಣ್ಣು ಇದ್ದರೆ ಸಾಕು. ಬೇಕರಿಯ ತಿಂಡಿ, ಬಾಟಲಿಯ ಸಿಹಿ ನೀರು, ದಿನಕ್ಕೆ ನಾಲ್ಕು ಲೋಟ ಸಕ್ಕರೆ ಕಾಫಿ ಇವು ಬೇಡ. ಸೀಮಂತದ ದಿನ ಬಯಕೆ ಊಟ ಬಡಿಸುವುದು ಒಳ್ಳೆಯ ಸಂಪ್ರದಾಯ. ಒಂದು ದಿನ ಸಿಹಿ ಬಡಿಸಿ ಉಳಿದ ದಿನ ಹಸಿವಿನಲ್ಲಿಡುವುದು ಸಂಪ್ರದಾಯವಲ್ಲ.

ಕಬ್ಬಿಣದ ಮಾತ್ರೆ ಕೂಸನ್ನು ದಪ್ಪ ಮಾಡುವುದಿಲ್ಲ, ಕಪ್ಪೂ ಮಾಡುವುದಿಲ್ಲ. ತಾಯಿಯ ರಕ್ತವನ್ನು ಹೆಚ್ಚಿಸುತ್ತದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕಡಿಮೆ ಎಂದರೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಮಲ ಕಪ್ಪಾದರೆ ಹೆದರಬೇಡಿರಿ. ಮಾತ್ರೆಯ ಜೊತೆಗೆ ಕಾಫಿ, ಟೀ ಕುಡಿಯಬಾರದು. ಸುಣ್ಣಾಂಶದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು.

"ಕೂಸು ದಪ್ಪವಿದೆ" ಎಂದು ಹೇಳಿದರೆ?

ಸ್ಕ್ಯಾನಿಂಗಿನಲ್ಲಿ ಹೇಳುವ ತೂಕ ತಕ್ಕಡಿಯ ತೂಕವಲ್ಲ, ಅಂದಾಜು. ಅದು ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ಆಗಬಹುದು. 4 ಕಿಲೋ ಎಂದದ್ದು ತೂಗಿದಾಗ ಮೂರೂವರೆ ಆಗುವುದುಂಟು. ದಪ್ಪ ಕೂಸುಗಳಲ್ಲಿಯೂ ಅನೇಕವು ಸಹಜವಾಗಿಯೇ ಹುಟ್ಟುತ್ತವೆ. ಕೊಯ್ದು ತೆಗೆಯಬೇಕೆ, ಕಾಯಬೇಕೆ ಎಂಬುದನ್ನು ತಾಯಿಯ ಸಕ್ಕರೆ, ಎತ್ತರ, ಹಿಂದಿನ ಹೆರಿಗೆಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಕಾರಣವನ್ನು ವಿಚಾರಿಸಿ ತಿಳಿದುಕೊಳ್ಳಲು ಸಂಕೋಚ ಬೇಡ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಭುಜ ಸಿಕ್ಕಿಕೊಂಡರೆ ಕೈಯಲ್ಲಿರುವುದು ಕೆಲವೇ ನಿಮಿಷ. ತರಬೇತಿ ಪಡೆದ ದಾದಿಯರು ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆಗೆ ಮಡಿಸಿ, ಕಿಬ್ಬೊಟ್ಟೆಯ ಕೆಳಗಡೆ ಎಲುಬಿನ ಮೇಲೆ ಒತ್ತಿ ಭುಜವನ್ನು ಬಿಡಿಸಬಲ್ಲರು. ತಿಳಿಯದವರು ಮೇಲುಹೊಟ್ಟೆಯನ್ನು ಅದುಮಿ, ಕೂಸಿನ ಕುತ್ತಿಗೆ ಹಿಡಿದು ಎಳೆದರೆ ಕೂಸಿನ ಕೈಯ ನರ ಹರಿಯಬಹುದು, ತಾಯಿಯ ಗರ್ಭಕೋಶವೇ ಒಡೆಯಬಹುದು. ದಪ್ಪ ಕೂಸು ಹೆತ್ತ ಮೇಲೆ ರಕ್ತಸ್ರಾವದ ಸಂಭವವೂ ಹೆಚ್ಚು. ಅದನ್ನು ತಡೆಯುವ ಚುಚ್ಚುಮದ್ದು ಆಸ್ಪತ್ರೆಯಲ್ಲಿರುತ್ತದೆ.

ಮನೆಯವರು ಮಾಡತಕ್ಕ ಕೆಲಸಗಳು

1. ಮುಟ್ಟು ನಿಂತದ್ದು ತಿಳಿದೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡು ಮಾಡಿಸಿರಿ.

2. ಕನಿಷ್ಠ ನಾಲ್ಕು ಸಲ ತಪಾಸಣೆ ಮಾಡಿಸಿರಿ. ತೂಕ, ರಕ್ತದ ಒತ್ತಡ, ರಕ್ತ, ಸಕ್ಕರೆ ಇವುಗಳ ಅಂಕಿಗಳು ಕಾರ್ಡಿನಲ್ಲಿ ಬರೆದಿವೆಯೇ ನೋಡಿರಿ. 2016ರಲ್ಲಿ ಪ್ರಾರಂಭವಾದ ಯೋಜನೆಯಂತೆ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ನಡೆಯುತ್ತದೆ.

3. ಗರ್ಭಿಣಿ, ಬಾಣಂತಿಯರಿಗೆ ಪೌಷ್ಟಿಕ ಊಟ ಕೊಡುವ ಮಾತೃಪೂರ್ಣ ಯೋಜನೆ ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಅಂಗನವಾಡಿಯಲ್ಲಿ ಹೆಸರು ಬರೆಸಿರಿ. ಅಲ್ಲಿ ಉಂಡಳೆಂದು ಮನೆಯ ಊಟ ಕಡಿಮೆ ಮಾಡಬೇಡಿರಿ.

4. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವಾಗ ಸೀರೆ, ಬಳೆಗಳ ಜೊತೆಗೆ ತಾಯಿ ಕಾರ್ಡನ್ನೂ ಮಾತ್ರೆಗಳನ್ನೂ ತಪ್ಪದೆ ಕಳಿಸಿರಿ. ಆ ಊರಿನ ದಾದಿಗೆ ಹಿಂದಿನದೆಲ್ಲ ತಿಳಿಯುವುದು ಅದರಿಂದಲೇ.

5. ರಕ್ತ ಕಂಡರೆ, ನೀರು ಒಡೆದರೆ, ವಿಪರೀತ ತಲೆನೋವು, ಕಣ್ಣು ಮಂಜು ಆದರೆ, ಕೂಸಿನ ಅಲುಗಾಟ ಕಡಿಮೆಯಾದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿರಿ. 108ಕ್ಕೆ ಕರೆ ಮಾಡಿದರೆ ಗಾಡಿ ಪುಕ್ಕಟೆ ಬರುತ್ತದೆ. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆಯ ಹೆರಿಗೆ, ಔಷಧಿ, ರಕ್ತ ಎಲ್ಲವೂ ಉಚಿತವೆಂದು ಗೊತ್ತುಮಾಡಲಾಗಿದೆ.

ಮನೆಯ ಹಿರಿಯ ತಾಯಂದಿರಲ್ಲಿ ಒಂದು ಮಾತು. ಸೊಸೆಯ ಹೆರಿಗೆ ಸುಸೂತ್ರವಾಗಲೆಂಬ ಆಸೆಯಿಂದಲೇ ತಾವು ಅವಳ ಊಟಕ್ಕೆ ಕಟ್ಟು ಹಾಕುತ್ತಿದ್ದಿರಿ. ಆ ಆಸೆ ಹಾಗೆಯೇ ಇರಲಿ. ಉಪಾಯ ಮಾತ್ರ ಬದಲಾಗಲಿ. ಕೂಸಿನ ಗಾತ್ರವನ್ನು ನೋಡಿಕೊಳ್ಳಲು ಟೇಪು, ತಕ್ಕಡಿ, ರಕ್ತಪರೀಕ್ಷೆ, ವೈದ್ಯರು ಇದ್ದಾರೆ. ಬಸುರಿಯ ತಟ್ಟೆಯನ್ನು ತುಂಬುವ ಕೆಲಸ ಮಾತ್ರ ತಮ್ಮ ಕೈಯಲ್ಲೇ ಇದೆ. ಅದನ್ನು ಧಾರಾಳವಾಗಿ ತುಂಬಿರಿ.